ಐದು ಕಾಂಬೊ, ಒಂದು ಸೆಲ್: ಪೋಕರ್ ಕೈಯನ್ನು ಸ್ಪ್ರೆಡ್‌ಶೀಟ್‌ನಲ್ಲಿ ಬಿಚ್ಚಿ ನೋಡುವುದು

ಹಗಲೆಲ್ಲ ಆಫೀಸಿನಲ್ಲಿ ಪಿವೋಟ್ ಟೇಬಲ್ ತಿರುಗಿಸುವ ಬೆಂಗಳೂರಿನ ಮಂದಿ ಭಾನುವಾರ ಸಂಜೆ ಯಾರದೋ ಮನೆ ಮಹಡಿಯಲ್ಲಿ ಎಲೆ ಹಿಡಿದು ಕೂತರೆ, ಲೆಕ್ಕವನ್ನು ಚಪ್ಪಲಿಯ ಜೊತೆಗೇ ಬಾಗಿಲಾಚೆ ಬಿಟ್ಟು ಬಂದಿರುತ್ತಾರೆ. "ಯಾಕೋ ಇಸ್ಪೀಟು ಬರತ್ತೆ ಅನ್ನಿಸ್ತು, ಅದಕ್ಕೇ ಕಾಲ್ ಮಾಡ್ದೆ." ಬಂದರೆ ಜಾಣತನ, ಬರದಿದ್ದರೆ ಗ್ರಹಚಾರ. ಆ 'ಅನ್ನಿಸ್ತು' ಎಷ್ಟು ಸರಿ ಎಂದು ಮರುದಿನ ಹದಿನೈದು ಸಾಲಿನ ಹಾಳೆಯೊಂದರಲ್ಲಿ ಪರೀಕ್ಷೆ ಮಾಡಬಹುದು. ಬೇಕಾಗುವ ಗಣಿತ ಶಾಲೆಯಲ್ಲಿ ಓದಿದ ಕ್ರಮಯೋಜನೆ ಮತ್ತು ವಿಕಲ್ಪಗಳ ಅಧ್ಯಾಯದಷ್ಟೇ. ಕಷ್ಟ ಇರುವುದು ಹಾಳೆಗೆ ನಾವು ಊಹಿಸಿ ತುಂಬುವ ಅಂಕಿಗಳಲ್ಲಿ. ಒಂದೇ ಒಂದು ಕೈಯನ್ನು ಹಿಡಿದು, ಅದನ್ನು ಪೂರ್ತಿ ಬಿಚ್ಚಿ, ಯಾವ ಊಹೆಯ ಮೇಲೆ ಇಡೀ ನಿರ್ಧಾರ ನಿಂತಿದೆ ಎಂದು ನೋಡೋಣ.

ಆಟ ಟೆಕ್ಸಾಸ್ ಹೋಲ್ಡೆಮ್. ಗೊತ್ತಿಲ್ಲದವರಿಗೆ ಎರಡು ಮಾತು: ಒಬ್ಬೊಬ್ಬರಿಗೂ ಎರಡು ಮುಚ್ಚಿದ ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ತೆರೆದ ಎಲೆ. ಆ ಐದರಲ್ಲಿ ಮೊದಲ ಮೂರು ಒಟ್ಟಿಗೆ ಬೀಳುತ್ತವೆ, ಅದು ಫ್ಲಾಪ್, ನಾಲ್ಕನೆಯದು ಟರ್ನ್, ಕೊನೆಯದು ರಿವರ್. ಪ್ರತಿ ಹಂತದಲ್ಲೂ ಪಣ ಕಟ್ಟಬಹುದು, ಬೇರೆಯವರು ಕಟ್ಟಿದಷ್ಟನ್ನೇ ತಾವೂ ಹಾಕಿ ಆಟದಲ್ಲಿ ಉಳಿಯಬಹುದು (ಅದೇ ಕಾಲ್), ಎಲೆ ಮುಚ್ಚಿ ಎದ್ದುಬಿಡಬಹುದು. ಕೊನೆಗೆ ಏಳು ಎಲೆಯಲ್ಲಿ ಯಾರ ಐದು ಚೆನ್ನಾಗಿದೆಯೋ ನಡುವಿನ ರಾಶಿ, ಅಂದರೆ ಪಾಟ್, ಅವರದು. ಬಣ್ಣಗಳಿಗೆ ನಮ್ಮ ಕಡೆಯ ಹೆಸರನ್ನೇ ಇಟ್ಟುಕೊಳ್ಳೋಣ: ಇಸ್ಪೀಟು, ಆಟೀನು, ಡೈಮನ್, ಕಳಾವರ್. ಎಲೆಗಳೂ ಹಾಗೆಯೇ: ಎಕ್ಕ, ರಾಜ, ರಾಣಿ, ಗುಲಾಮ.

ಪಣಕ್ಕೆ ಹುಣಸೆ ಬೀಜ. ಇದು ಬರೀ ತಮಾಷೆಗಲ್ಲ. ಆನ್‌ಲೈನ್ ಜೂಜಿನ ವಿರುದ್ಧ ಕರ್ನಾಟಕ 2021ರಲ್ಲಿ ತಂದ ಪೊಲೀಸ್ ಕಾಯ್ದೆಯ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ತಳ್ಳಿಹಾಕಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕೇಂದ್ರದ ಕಾಯ್ದೆಯಾದರೋ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲವೋ ಅದೃಷ್ಟವೋ ಎಂದು ಕೇಳದೆಯೇ ನಿಷೇಧಿಸುತ್ತದೆ. ಗಣಿತಕ್ಕಂತೂ ಬೀಜವೂ ಒಂದೇ, ರೂಪಾಯಿಯೂ ಒಂದೇ.

ಕೈ ಇದು. ನಿಮ್ಮ ಬಳಿ ಇಸ್ಪೀಟ್ ಎಕ್ಕ, ಇಸ್ಪೀಟ್ ಗುಲಾಮ. ಟರ್ನ್‌ವರೆಗೆ ನಡುವೆ ಬಿದ್ದಿರುವುದು ಇಸ್ಪೀಟ್ ರಾಜ, ಇಸ್ಪೀಟ್ 8, ಡೈಮನ್ 4, ಕಳಾವರ್ 2. ಪಾಟಿನಲ್ಲಿ 100 ಬೀಜ. ಉಳಿದವರೆಲ್ಲ ಎಲೆ ಮುಚ್ಚಿದ್ದಾರೆ. ಎದುರಿಗೆ ಉಳಿದ ಒಬ್ಬರು ತಮ್ಮಲ್ಲಿದ್ದ 60 ಬೀಜವನ್ನೂ ಪೂರ್ತಿ ನಡುವೆ ತಳ್ಳಿದ್ದಾರೆ. ನೀವು 60 ಹಾಕುವುದೋ, ಬಿಡುವುದೋ?

ಮೊದಲು ಬೆಲೆ

ನೀವು 60 ಹಾಕಿದರೆ ರಾಶಿ 100 + 60 + 60 = 220 ಆಗುತ್ತದೆ. ಅದರಲ್ಲಿ ನಿಮ್ಮ ಪಾಲು 60. 60 ಭಾಗಿಸು 220, ಅಂದರೆ 27.3%. ಇದೇ ಪಾಟ್ ಆಡ್ಸ್: ನೂರಕ್ಕೆ 27.3 ಸಲಕ್ಕಿಂತ ಹೆಚ್ಚು ಗೆಲ್ಲುವಂತಿದ್ದರೆ ಹಾಕಿ, ಇಲ್ಲದಿದ್ದರೆ ಬಿಡಿ. ಹೊಸಬರು ಇಲ್ಲೇ ಮೊದಲ ತಪ್ಪು ಮಾಡುವುದು. 60ನ್ನು 160ರಿಂದ ಭಾಗಿಸಿ 37.5% ಎನ್ನುತ್ತಾರೆ, ತಾವು ಹಾಕಲಿರುವ 60 ಕೂಡ ಗೆದ್ದವರ ಕೈಗೇ ಬರುತ್ತದೆ ಎಂಬುದನ್ನು ಮರೆತು. ಹಾಗೆ ನೋಡಿದರೆ 37.5% ಕೂಡ ಅರ್ಥವುಳ್ಳ ಅಂಕಿಯೇ, ಬೇರೆ ಪ್ರಶ್ನೆಗೆ ಉತ್ತರ ಅಷ್ಟೆ: ಕೈಯಲ್ಲಿ ಏನೂ ಇಲ್ಲದೆ 100ರ ಪಾಟಿಗೆ 60 ತಳ್ಳಿ ಬ್ಲಫ್ ಮಾಡುವವರಿಗೆ ಎದುರಿನವರು ನೂರಕ್ಕೆ 37.5 ಸಲ ಎಲೆ ಮುಚ್ಚಿದರೆ ಹಾಕಿದ್ದು ಹೊರಡುತ್ತದೆ.

ಒಂಬತ್ತು ಎಲೆ, ಆದರೆ ಎಷ್ಟರಲ್ಲಿ?

ಇಸ್ಪೀಟು ಒಟ್ಟು 13. ನಿಮ್ಮ ಕೈಯಲ್ಲಿ ಎರಡು, ನಡುವೆ ಎರಡು. ಉಳಿದ 9ರಲ್ಲಿ ಒಂದು ಬಿದ್ದರೆ ನಿಮಗೆ ಎಕ್ಕದ ಫ್ಲಶ್, ಅಂದರೆ ಒಂದೇ ಬಣ್ಣದ ಐದು ಎಲೆ, ಅದರಲ್ಲಿ ದೊಡ್ಡದು ಎಕ್ಕ. ಹೀಗೆ ನಮ್ಮನ್ನು ಗೆಲುವಿಗೆ ದಾಟಿಸುವ ಎಲೆಗಳಿಗೆ ಔಟ್ ಎನ್ನುತ್ತಾರೆ. ನಿಮಗೆ ಕಾಣುತ್ತಿರುವುದು 6 ಎಲೆ, ಕಾಣದಿರುವುದು 46. ಹಾಗಾಗಿ 9/46 = 19.6%. 'ಬೇರೆಯವರು ಬಿಟ್ಟ ಎಲೆಗಳನ್ನೂ ಕಳೆಯಬೇಡವೇ?' ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುತ್ತದೆ. ಬೇಡ. ಮುಚ್ಚಿ ಬಿಟ್ಟ ಎಲೆ ಕಟ್ಟಿನಲ್ಲೇ ಉಳಿದ ಎಲೆಗೆ ಸಮ. ಅದು ಯಾವುದೆಂದು ನಿಮಗೆ ಗೊತ್ತಿಲ್ಲ, ಅಷ್ಟೆ.

ಟೇಬಲ್ ಮುಂದೆ ಕೂತಾಗ ಇದಕ್ಕೊಂದು ಕಿರುದಾರಿ ಇದೆ. ಒಂದೇ ಎಲೆ ಬರಲಿದ್ದರೆ ಔಟ್‌ಗಳನ್ನು 2ರಿಂದ, ಎರಡು ಎಲೆ ಬರಲಿದ್ದರೆ 4ರಿಂದ ಗುಣಿಸಿ. ಫ್ಲಾಪ್‌ನಲ್ಲಿ 9 ಔಟ್ ಇದ್ದರೆ 36% ಎನ್ನುತ್ತದೆ ಇದು, ನಿಜವಾದದ್ದು 35.0%. ಸ್ಪ್ರೆಡ್‌ಶೀಟ್‌ನಲ್ಲಿ =1-ಹೈಪ್‌ಜಿಯೋಮ್.ಡಿಸ್ಟ್(0,2,9,47,ಟ್ರೂ) ಎಂದು ಬರೆದರೆ ಅದೇ 35.0% ಬರುತ್ತದೆ. ಫಂಕ್ಷನ್ ಹೆಸರನ್ನು, ಸೆಲ್‌ಗಳ ಅಕ್ಷರವನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಹಾಳೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಔಟ್ ಹೆಚ್ಚಾದಷ್ಟೂ ಕಿರುದಾರಿ ಸುಳ್ಳು ಹೇಳುತ್ತದೆ: 15 ಔಟ್‌ಗೆ 60% ಎನ್ನುತ್ತದೆ, ನಿಜ 54.1%. ಅದಕ್ಕಿಂತ ದುಬಾರಿ ತಪ್ಪು ಇನ್ನೊಂದಿದೆ. ಫ್ಲಾಪ್‌ನಲ್ಲಿ ಎದುರಿನವರು ಪಣ ಕಟ್ಟಿ, ಇಬ್ಬರ ಬಳಿಯೂ ಇನ್ನೂ ಬೀಜ ಉಳಿದಿದ್ದಾಗ 35%ನ್ನು ಹಿಡಿದು ಕಾಲ್ ಮಾಡುವುದು. ಟರ್ನ್‌ನಲ್ಲಿ ಅವರು ಮತ್ತೆ ಪಣ ಕಟ್ಟುತ್ತಾರೆ, ಎರಡನೆಯ ಎಲೆ ನೋಡಲು ಮತ್ತೆ ಬೆಲೆ ತೆರಬೇಕು. ಆಗ ನೀವು ಕೊಂಡದ್ದು ಒಂದೇ ಎಲೆ, ಅದು ಔಟ್ ಆಗಿರುವ ಸಾಧ್ಯತೆ 9/47, ಅಂದರೆ 19.1%.

ನಮ್ಮ ಕೈಗೆ ಬರೋಣ. 19.6% ಬೇಕಾದ 27.3%ಗಿಂತ ಕಡಿಮೆ. ಬಿಟ್ಟುಬಿಡಿ ಎನ್ನುತ್ತದೆ ಈ ಲೆಕ್ಕ. ಬಹಳ ಜನ ಇಲ್ಲಿಗೇ ನಿಲ್ಲುತ್ತಾರೆ. ಆದರೆ ಈ ಲೆಕ್ಕದೊಳಗೆ ಯಾರೂ ಬಾಯಿಬಿಟ್ಟು ಹೇಳದ ಊಹೆಯೊಂದು ಅಡಗಿದೆ: ಎದುರಿನವರ ಕೈ ಈಗ ಮುಂದಿದೆ, ಫ್ಲಶ್ ಬಿಟ್ಟು ಬೇರೇನೂ ಅದನ್ನು ಹಿಂದಿಕ್ಕದು, ಫ್ಲಶ್ ಬಂದರೆ ಖಂಡಿತ ಹಿಂದಿಕ್ಕುತ್ತದೆ. ಈ ಮೂರೂ ಪ್ರತಿ ಸಲ ನಿಜವಲ್ಲ.

ಎದುರಿನವರ ಕೈಯನ್ನು ಎಣಿಸುವುದು

52 ಎಲೆಯಲ್ಲಿ ಎರಡನ್ನು ಆರಿಸುವ ಬಗೆ =ಕಾಂಬಿನ್(52,2), ಅಂದರೆ 1,326. ಇವುಗಳಲ್ಲಿ ಒಂದೊಂದಕ್ಕೂ ಕಾಂಬೊ ಎಂದು ಹೆಸರು. ಬಣ್ಣವನ್ನು 'ಒಂದೇ' ಅಥವಾ 'ಬೇರೆ' ಎಂದಷ್ಟೇ ನೋಡಿದರೆ ಇವು 169 ಬಗೆಗೆ ಇಳಿಯುತ್ತವೆ. ಅವುಗಳನ್ನು 13 ಸಾಲು, 13 ಕಾಲಮ್‌ನ ಚೌಕದಲ್ಲಿ ಬರೆಯುವುದು ವಾಡಿಕೆ. ಕರ್ಣದ ಮೇಲೆ 13 ಜೋಡಿಗಳು, ತಲಾ 6 ಕಾಂಬೊ. ಒಂದು ಬದಿಗೆ ಒಂದೇ ಬಣ್ಣದ 78 ಬಗೆ, ತಲಾ 4. ಇನ್ನೊಂದು ಬದಿಗೆ ಬೇರೆ ಬಣ್ಣದ 78, ತಲಾ 12. ಕೂಡಿಸಿದರೆ 78 + 312 + 936 = 1,326. ಹಾಳೆಯಲ್ಲಿ ಈ ಚೌಕ ಕಟ್ಟಿ, ಹಸಿರು ಬಣ್ಣ ಹಚ್ಚಿ, ನೇರವಾಗಿ ಆವರೇಜ್ ಫಂಕ್ಷನ್ ಹಾಕುವವರು ಎಡವುವುದು ಇಲ್ಲೇ. ಒಂದೇ ಬಣ್ಣದ ಎಕ್ಕ-ರಾಜ ಒಂದು ಸೆಲ್, ಬೇರೆ ಬಣ್ಣದ ಎಕ್ಕ-ರಾಜ ಇನ್ನೊಂದು ಸೆಲ್. ಆದರೆ ಎರಡನೆಯದು ಮೂರು ಪಟ್ಟು ಹೆಚ್ಚು ಸಲ ಕೈಗೆ ಬರುತ್ತದೆ. ಸೆಲ್ ಎಣಿಸಬೇಡಿ, ಕಾಂಬೊ ಎಣಿಸಿ.

ಕಾಣುತ್ತಿರುವ ಎಲೆಗಳು ಈ ಎಣಿಕೆಯನ್ನು ಕತ್ತರಿಸುತ್ತವೆ. ಮಾಮೂಲಾಗಿ ಎಕ್ಕ-ರಾಜಕ್ಕೆ 4 × 4 = 16 ಕಾಂಬೊ. ಇಸ್ಪೀಟ್ ರಾಜ ನಡುವೆ ಬಿದ್ದಿರುವುದರಿಂದ 4 × 3 = 12. ಇಸ್ಪೀಟ್ ಎಕ್ಕ ನಿಮ್ಮ ಕೈಯಲ್ಲೇ ಇರುವುದರಿಂದ 3 × 3 = 9. ನಿಮ್ಮ ಕೈಯ ಒಂದು ಎಲೆ ಎದುರಿನವರ ಬಲವಾದ ಕೈಗಳಲ್ಲಿ ಮೂರನ್ನು ಸದ್ದಿಲ್ಲದೆ ಅಳಿಸಿಹಾಕಿತು. ಬ್ಲಾಕರ್ ಎನ್ನುವುದು ಇದನ್ನೇ.

ಇನ್ನು ಊಹೆ. ಇವರು ಈ ಹಂತದಲ್ಲಿ 60ನ್ನೂ ತಳ್ಳಬಹುದಾದ ಕೈಗಳು ಯಾವುವು? ಇಡೀ ಪಟ್ಟಿಗೆ ರೇಂಜ್ ಎಂದು ಹೆಸರು. ಹೀಗೆ ಇಟ್ಟುಕೊಳ್ಳೋಣ:

ಸೆಟ್‌ಗಳು, ಅಂದರೆ ಕೈಯಲ್ಲಿ ಜೋಡಿ ಇದ್ದು ಮೂರನೆಯದು ನಡುವೆ ಬಿದ್ದಿರುವುದು: ರಾಜ, 8, 4, 2. ಪ್ರತಿಯೊಂದರಲ್ಲೂ ಉಳಿದಿರುವ ಎಲೆ ಮೂರು, ಅದರಲ್ಲಿ ಎರಡನ್ನು ಆರಿಸುವ ಬಗೆ 3. ಒಟ್ಟು 12. ಎಕ್ಕ-ರಾಜ 9. ರಾಜ-ರಾಣಿ 3 × 4 = 12. ಕೊನೆಗೆ ನಿಮ್ಮಂತೆಯೇ ಇಸ್ಪೀಟಿಗೆ ಕಾಯುತ್ತಾ ಬ್ಲಫ್ ಮಾಡುತ್ತಿರುವ ಐದು ಕೈ, ಎಲ್ಲವೂ ಇಸ್ಪೀಟೇ: ರಾಣಿ-10, ರಾಣಿ-9, 10-9, 9-7, 7-6. ಒಟ್ಟು 38 ಕಾಂಬೊ.

ಒಂದೊಂದರ ಎದುರಿಗೂ ಎಷ್ಟು ಎಲೆ ಗೆಲ್ಲುತ್ತದೆ

ಎದುರಿನವರ ಎರಡು ಎಲೆಯನ್ನು ಇಂಥದೇ ಎಂದು ಇಟ್ಟುಕೊಂಡ ಕ್ಷಣ ಅವೂ ಕಂಡಂತಾಯಿತು. ಹಾಗಾಗಿ ಇನ್ನು ಮೇಲೆ ಛೇದ 46 ಅಲ್ಲ, 44. ಈ ಎರಡನ್ನು ಬೆರೆಸುವುದು ಹಾಳೆಗಳಲ್ಲಿ ಸಾಮಾನ್ಯ ತಪ್ಪು.

ಎಕ್ಕ-ರಾಜದ ಎದುರು: 9 ಇಸ್ಪೀಟು ಗೆಲ್ಲಿಸುತ್ತವೆ. ಎಕ್ಕ ಬಿದ್ದರೆ ನಿಮಗೆ ಎಕ್ಕದ ಜೋಡಿ ಆಗುತ್ತದೆ ನಿಜ, ಆದರೆ ಅವರಿಗೆ ಎಕ್ಕ ಮತ್ತು ರಾಜ, ಎರಡು ಜೋಡಿ. ಹಾಗಾಗಿ 9 ಮಾತ್ರ.

ರಾಜ-ರಾಣಿಯ ಎದುರು ಕತೆ ಬೇರೆ. 9 ಇಸ್ಪೀಟಿನ ಜೊತೆಗೆ ಉಳಿದ ಮೂರು ಎಕ್ಕಗಳೂ ಗೆಲ್ಲುತ್ತವೆ: 12. ಅವರ ರಾಣಿ ಇಸ್ಪೀಟಿನದೇ ಆಗಿದ್ದರೆ ನಿಮ್ಮ ಒಂದು ಔಟ್ ಅವರ ಕೈಯಲ್ಲೇ ಕೂತಿದೆ, ಹಾಗಾಗಿ 11. ಹನ್ನೆರಡು ಕಾಂಬೊದಲ್ಲಿ ಅಂಥವು 3, ಉಳಿದವು 9.

ಸೆಟ್‌ಗಳ ಎದುರು ಎಚ್ಚರ ಬೇಕು. ಫ್ಲಶ್ ಆಯಿತೆಂದು ಖುಷಿಪಡುವ ಮುನ್ನ ನೋಡಿ: ಇಸ್ಪೀಟ್ 4 ಬಿದ್ದರೆ ನಡುವೆ 4ರ ಜೋಡಿ, ಇಸ್ಪೀಟ್ 2 ಬಿದ್ದರೆ 2ರ ಜೋಡಿ. ಸೆಟ್ ಹಿಡಿದವರಿಗೆ ಆಗ ಫುಲ್ ಹೌಸ್ (ಒಂದೇ ಎಲೆ ಮೂರು, ಜೊತೆಗೆ ಇನ್ನೊಂದರ ಜೋಡಿ) ಅಥವಾ ನಾಲ್ಕೂ ಒಂದೇ ಎಲೆ, ನಿಮ್ಮ ಫ್ಲಶ್ ಮಣ್ಣುಪಾಲು. 9ರಲ್ಲಿ 2 ಕಳೆದರೆ 7. ಅವರದು 4ರ ಸೆಟ್ ಆಗಿದ್ದು ಇಸ್ಪೀಟ್ 4 ಅವರ ಕೈಯಲ್ಲೇ ಇದ್ದರೂ ಎಣಿಕೆ 7ಕ್ಕೇ ಬರುತ್ತದೆ: ಉಳಿದ ಎಂಟು ಇಸ್ಪೀಟಿನಲ್ಲಿ ಕೆಟ್ಟದ್ದು ಇಸ್ಪೀಟ್ 2 ಒಂದೇ. ಹನ್ನೆರಡು ಕಾಂಬೊಗೂ 7.

ಬ್ಲಫ್ ಕೈಗಳ ಎದುರು ನೀವು ಈಗಾಗಲೇ ಮುಂದಿದ್ದೀರಿ! ಇಬ್ಬರಿಗೂ ಏನೂ ಆಗಿಲ್ಲ, ನಿಮ್ಮದು ಎಕ್ಕ. ಇಸ್ಪೀಟು ಬಿದ್ದರೆ ಇಬ್ಬರಿಗೂ ಫ್ಲಶ್, ಆಗಲೂ ನಿಮ್ಮದೇ ದೊಡ್ಡದು. ಇಸ್ಪೀಟ್ ರಾಣಿ-10 ಹಿಡಿದವರು ಗೆಲ್ಲಬೇಕಾದರೆ ಬೇರೆ ಬಣ್ಣದ ರಾಣಿ ಅಥವಾ 10 ಬರಬೇಕು: 6 ಎಲೆ. ಉಳಿದ 38 ನಿಮ್ಮವು. ರಾಣಿ-9, 10-9, 9-7ಕ್ಕೂ ಇದೇ 38. 7-6ಕ್ಕೆ ಇನ್ನೊಂದು ದಾರಿಯಿದೆ: 5 ಬಿದ್ದರೆ 4-5-6-7-8 ಸ್ಟ್ರೇಟ್. ಇಸ್ಪೀಟ್ 5 ಬಿದ್ದರೆ ನಿಮಗೆ ಫ್ಲಶ್ ಆಗುವುದರಿಂದ ಅದು ನಿಮ್ಮದೇ. ಉಳಿದ ಮೂರು 5 ಅವರವು. ಹಾಗಾಗಿ 44 − 9 = 35.

ಇಷ್ಟನ್ನೂ ತಲೆಯಲ್ಲೇ ಮಾಡುವವರಿದ್ದಾರು. ಇದೇ ಊರಿನ ಶಕುಂತಲಾ ದೇವಿಯವರ ನೆನಪಿನ ಶಕ್ತಿ ಅವರ ತಂದೆಯ ಕಣ್ಣಿಗೆ ಬಿದ್ದದ್ದು ಮೂರು ವರ್ಷದ ಮಗುವಿನೊಡನೆ ಇಸ್ಪೀಟೆಲೆಯ ಚಮತ್ಕಾರ ಮಾಡುತ್ತಿದ್ದಾಗಲೇ. ನಮ್ಮಂಥವರಿಗೆ ಹಾಳೆ.

ಹಾಳೆ

ಬಿ1ರಲ್ಲಿ ಪಾಟ್ 100, ಬಿ2ರಲ್ಲಿ ಅವರ ಪಣ 60, ಬಿ3ರಲ್ಲಿ =ಬಿ2/(ಬಿ1+2*ಬಿ2). ಬಿ4ರಲ್ಲಿ 1 ಎಂದು ಬರೆದಿಡಿ. ಅದು 'ಇವರು ಇಂಥ ಬ್ಲಫ್ ಕೈಗಳಲ್ಲಿ ಎಷ್ಟು ಪಾಲನ್ನು ಹೀಗೆ ತಳ್ಳುತ್ತಾರೆ' ಎಂಬುದರ ತೂಕ. 1 ಎಂದರೆ ಪ್ರತಿ ಸಲವೂ, 0.5 ಎಂದರೆ ಎರಡಕ್ಕೊಮ್ಮೆ. 6ನೇ ಸಾಲು ತಲೆಬರಹ. 7ರಿಂದ 12ರವರೆಗೆ ಹೀಗೆ:

| ಎ: ಕೈ | ಬಿ: ಕಾಂಬೊ | ಸಿ: ತೂಕ | ಡಿ: 44ರಲ್ಲಿ ಗೆಲುವು |
|---|---|---|---|
| ಸೆಟ್ | 12 | 1 | 7 |
| ಎಕ್ಕ-ರಾಜ | 9 | 1 | 9 |
| ರಾಜ-ರಾಣಿ, ಇಸ್ಪೀಟ್ ರಾಣಿ ಇಲ್ಲದ್ದು | 9 | 1 | 12 |
| ರಾಜ-ರಾಣಿ, ಇಸ್ಪೀಟ್ ರಾಣಿ ಇರುವುದು | 3 | 1 | 11 |
| ಇಸ್ಪೀಟ್ ಬ್ಲಫ್ ನಾಲ್ಕು | 4 | =$ಬಿ$4 | 38 |
| ಇಸ್ಪೀಟ್ 7-6 | 1 | =$ಬಿ$4 | 35 |

ಬಿ14ರಲ್ಲಿ ಈಕ್ವಿಟಿ:

=ಸಮ್‌ಪ್ರಾಡಕ್ಟ್(ಬಿ7:ಬಿ12,ಸಿ7:ಸಿ12,ಡಿ7:ಡಿ12)/(44*ಸಮ್‌ಪ್ರಾಡಕ್ಟ್(ಬಿ7:ಬಿ12,ಸಿ7:ಸಿ12))

ಬಿ15ರಲ್ಲಿ ಸರಾಸರಿ ಲಾಭ: =ಬಿ14*(ಬಿ1+2*ಬಿ2)-ಬಿ2

ಈಕ್ವಿಟಿ ಎಂದರೆ ಆಟ ಈ ಕ್ಷಣ ನಿಂತುಹೋದರೆ ರಾಶಿಯಲ್ಲಿ ನ್ಯಾಯವಾಗಿ ನಿಮಗೆ ಸಲ್ಲಬೇಕಾದ ಪಾಲು. 1654ರಲ್ಲಿ ಪ್ಯಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡು ಬಿಡಿಸಿದ್ದೂ ಇದನ್ನೇ, ಅರ್ಧಕ್ಕೆ ನಿಂತ ಆಟದ ಪಣವನ್ನು ಹಂಚುವ ಲೆಕ್ಕವನ್ನು. ಸಂಭಾವ್ಯತೆಯ ಗಣಿತ ಹುಟ್ಟಿದ್ದೇ ಹೀಗೆ, ಜೂಜಿನ ಮಣೆಯ ಪಕ್ಕದಲ್ಲಿ.

ಉತ್ತರ: 493 ಭಾಗಿಸು 1,672, ಅಂದರೆ 29.5%. ಬೇಕಾದದ್ದು 27.3%. ಸರಾಸರಿ ಲಾಭ 4.87 ಬೀಜ. ಹಾಕಿ ಎನ್ನುತ್ತದೆ ಹಾಳೆ. 9/46ರ ಲೆಕ್ಕ ಬಿಡಿ ಎಂದಿತ್ತು.

ನಿಮ್ಮ ಹಾಳೆಯಲ್ಲಿ ಇದೇ ಅಂಕಿ ಬರದಿದ್ದರೆ ಮೊದಲು ನೋಡಬೇಕಾದದ್ದು ಸಿ ಕಾಲಮ್. ಅದಕ್ಕೆ ಶೇಕಡಾ ಫಾರ್ಮ್ಯಾಟ್ ಕೊಟ್ಟಿದ್ದರೆ 1 ಎಂದು ಟೈಪ್ ಮಾಡಿದ್ದು 1% ಆಗಿ ಕೂತಿರಬಹುದು. ಎರಡನೆಯದು ಡಾಲರ್ ಗುರುತು: =ಬಿ4 ಎಂದಷ್ಟೇ ಬರೆದು ಕೆಳಗೆ ಎಳೆದರೆ ಮುಂದಿನ ಸಾಲಿನಲ್ಲಿ ಅದು ಬಿ5 ಆಗುತ್ತದೆ, ಬಿ5 ಖಾಲಿ, ತೂಕ ಸೊನ್ನೆ. ಹಾಳೆ ತಕರಾರು ಮಾಡುವುದಿಲ್ಲ, ತಪ್ಪು ಉತ್ತರವನ್ನೇ ಗಂಭೀರವಾಗಿ ತೋರಿಸುತ್ತದೆ. ಬಿ13ರಲ್ಲಿ ಕಾಂಬೊಗಳ ಮೊತ್ತ ಹಾಕಿಟ್ಟು 38 ಬರುತ್ತಿದೆಯೇ ಎಂದು ಕಣ್ಣಾಡಿಸುವುದು ಒಳ್ಳೆಯ ಅಭ್ಯಾಸ.

ಈಗ ಅಲುಗಾಡಿಸಿ

ಹಾಳೆಯ ನಿಜವಾದ ಉಪಯೋಗ ಇಲ್ಲಿಂದ ಶುರು. ಬಿ4ರಲ್ಲಿ 1ರ ಬದಲು 0 ಹಾಕಿ: ಇವರು ಬ್ಲಫ್ ಮಾಡುವವರೇ ಅಲ್ಲ. ಈಕ್ವಿಟಿ 21.1%ಗೆ ಕುಸಿಯುತ್ತದೆ, ಪ್ರತಿ ಕಾಲ್‌ಗೂ ಸರಾಸರಿ 13.64 ಬೀಜ ನಷ್ಟ. 0.5 ಹಾಕಿ: 25.6%, ನಷ್ಟ 3.73. ಸೊನ್ನೆಗೆ ಎಲ್ಲಿ ಬರುತ್ತದೆ ಎಂದು ಹುಡುಕಲು ಎಕ್ಸೆಲ್‌ನಲ್ಲೂ ಲಿಬ್ರೆಆಫೀಸ್‌ನಲ್ಲೂ ಗೋಲ್ ಸೀಕ್ ಇದೆ. ಬಿ15 ಸೊನ್ನೆ ಆಗಲಿ, ಬಿ4ನ್ನು ಬದಲಿಸು ಎಂದರೆ 0.709ರ ಹತ್ತಿರ ನಿಲ್ಲುತ್ತದೆ. ಗೂಗಲ್ ಶೀಟ್ಸ್‌ನವರು ಕೈಯಿಂದಲೇ 0.70, 0.71 ಎಂದು ಹಾಕಿ ನೋಡಿದರೂ ಒಂದು ನಿಮಿಷದ ಕೆಲಸ.

ಇನ್ನು ರಾಜ-ರಾಣಿಯ ಎರಡು ಸಾಲಿನ ತೂಕವನ್ನು 1ರಿಂದ 0.5ಕ್ಕೆ ಇಳಿಸಿ, ಬಿ4 ಮತ್ತೆ 1 ಇರಲಿ. ಹನ್ನೆರಡು ಕಾಂಬೊದಲ್ಲಿ ಆರು ಮಾಯವಾದವು, ಈಕ್ವಿಟಿ ಮಾತ್ರ 29.5ರಿಂದ 30.0ಕ್ಕೆ ಸರಿಯಿತು, ಅಷ್ಟೆ. ಕಾರಣ ಸರಳ: 12/44 ಎಂದರೆ 27.3%, ಬೇಕಾದ ಬೆಲೆಗೆ ಸರಿಸಮ. ಆ ಕೈ ಎದುರಿಗಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಟೇಬಲ್ ಸುತ್ತ 'ಅವರು ರಾಜ-ರಾಣಿಗೆಲ್ಲ ಅಷ್ಟು ಹಾಕ್ತಾರಾ?' ಎಂದು ಅರ್ಧ ಗಂಟೆ ವಾದ ನಡೆಯುತ್ತದೆ. ಹಾಳೆಯ ಪ್ರಕಾರ ಆ ವಾದಕ್ಕೆ ಬೆಲೆಯೇ ಇಲ್ಲ. ಯಾರೂ ಬಾಯಿ ಬಿಡದ ಐದು ಕಾಂಬೊಗಳ ಮೇಲೆ ಇಡೀ ನಿರ್ಧಾರ ನಿಂತಿದೆ.

ಇದು ಟರ್ನ್‌ನಲ್ಲಿ ಎಲ್ಲ ಬೀಜವೂ ಒಳಗೆ ಹೋಗುವ ಕೈ ಆದ್ದರಿಂದ ಲೆಕ್ಕ ಇಷ್ಟು ಚೊಕ್ಕ. ಬೀಜ ಇನ್ನೂ ಉಳಿದಿದ್ದರೆ ಮುಂದಿನ ಸುತ್ತಿನ ಪಣವೂ ಸೇರಬೇಕು. ಮೊದಲು ತಳ್ಳುವವರು ನೀವೇ ಆಗಿದ್ದರೆ ಎದುರಿನವರು ಎಲೆ ಮುಚ್ಚುವ ಸಾಧ್ಯತೆಗೊಂದು ಸೆಲ್ ಬೇಕು. ಇದೇ ಪಾಟಿಗೆ ನೀವು 60 ತಳ್ಳಿದಿರಿ, ಅವರು ಕಾಲ್ ಮಾಡಿದಾಗ ನಿಮ್ಮ ಈಕ್ವಿಟಿ 20% ಎನ್ನಿ. ಆಗ 0.2 × 220 − 60 = −16. ಮುಚ್ಚಿದರೆ 100 ಲಾಭ. 16/116, ಅಂದರೆ ನೂರಕ್ಕೆ 14 ಸಲ ಅವರು ಮುಚ್ಚಿದರೆ ಸಾಕು, ನಷ್ಟವಿಲ್ಲ. ಅದೇ ಎಲೆ, ಅದೇ ಬೀಜ. ಕಾಲ್ ಮಾಡುವುದಕ್ಕಿಂತ ಮೊದಲು ತಳ್ಳುವುದು ಏಕೆ ಅಗ್ಗ ಎಂಬುದು ಈ ಒಂದು ಸಾಲಿನಲ್ಲಿದೆ.

ಎಲೆ ಕಲೆಸುವ ಹಾಳೆ

ಎಣಿಸಲಾಗದಷ್ಟು ಸಾಧ್ಯತೆಗಳಿದ್ದಾಗ ಜನ ಸಿಮ್ಯುಲೇಶನ್‌ಗೆ, ಅಂದರೆ ಹಾಳೆಯಲ್ಲೇ ಮತ್ತೆ ಮತ್ತೆ ಎಲೆ ಕಲೆಸಿ ಎಷ್ಟು ಸಲ ಗೆದ್ದೆವು ಎಂದು ಎಣಿಸುವ ದಾರಿಗೆ, ಹೋಗುತ್ತಾರೆ. ಐದೆಲೆಯ ಕೈಗಳೇ 25,98,960. ಎಕ್ಸೆಲ್ ಹಾಳೆಯಲ್ಲಿ ಇರುವುದು 10,48,576 ಸಾಲು. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಸಾಲುಸಾಲಾಗಿ ಬರೆಯುವ ಆಸೆ ಅಲ್ಲಿಗೇ ಮುಗಿಯಿತು. ಬರೆಯಬೇಕಾದ ಅಗತ್ಯವೂ ಇಲ್ಲ: ಫುಲ್ ಹೌಸ್ ಎಷ್ಟು ಎಂದರೆ =13*ಕಾಂಬಿನ್(4,3)*12*ಕಾಂಬಿನ್(4,2), ಉತ್ತರ 3,744. ಫ್ಲಶ್ =4*ಕಾಂಬಿನ್(13,5)-40, ಉತ್ತರ 5,108; ಕಳೆದ 40 ಸ್ಟ್ರೇಟ್ ಫ್ಲಶ್‌ಗಳು.

ಆದರೂ ಎಲೆ ಕಲೆಸಬೇಕೆಂದರೆ ಒಂದು ಎಚ್ಚರಿಕೆ. ಪ್ರತಿ ಎಲೆಗೂ =ರ್ಯಾಂಡ್‌ಬಿಟ್ವೀನ್(1,52) ಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಎಲ್ಲರೂ ಕೆಡುವ ದಾರಿ. ಅದು ಎಲೆಯನ್ನು ಕಟ್ಟಿಗೆ ವಾಪಸ್ ಹಾಕಿ ಮತ್ತೆ ತೆಗೆದಂತೆ. ಐದೆಲೆಯಲ್ಲೇ ನೂರಕ್ಕೆ 18 ಕೈಗಳಲ್ಲಿ ಒಂದೇ ಎಲೆ ಎರಡು ಸಲ ಬಂದಿರುತ್ತದೆ. ಇಬ್ಬರ ಕೈ, ನಡುವಿನ ಐದು ಸೇರಿ 9 ಎಲೆ ತೆಗೆದರೆ ನೂರಕ್ಕೆ 52ರಲ್ಲಿ. ಸರಿಯಾದ ದಾರಿ ಇಡೀ ಕಟ್ಟನ್ನು ಕಲೆಸುವುದು. ಹೊಸ ಎಕ್ಸೆಲ್‌ನಲ್ಲಿ =ಸಾರ್ಟ್‌ಬೈ(ಸೀಕ್ವೆನ್ಸ್(52),ರ್ಯಾಂಡ್‌ಅರೇ(52)); ಹಳೆಯದರಲ್ಲಿ 52 ಸಾಲಿನ ಪಕ್ಕ =ರ್ಯಾಂಡ್() ಹಾಕಿ ಅದರ ಪ್ರಕಾರ ಸಾರ್ಟ್ ಮಾಡಿ, ಮೇಲಿನಿಂದ ಬೇಕಾದಷ್ಟು ಎಲೆ ತೆಗೆಯಿರಿ. ಸಂಖ್ಯೆ ಎನ್ ಆದರೆ ಬಣ್ಣ =ಇಂಟ್((ಎನ್-1)/13), ಎಲೆ =ಮಾಡ್(ಎನ್-1,13)+2; ಗುಲಾಮ 11, ಎಕ್ಕ 14. ಸ್ಟ್ರೇಟ್ ಪತ್ತೆ ಮಾಡುವಾಗ ಎಕ್ಕವನ್ನು 1 ಎಂದೂ ಎಣಿಸಬೇಕು, ಇಲ್ಲವಾದರೆ ಎಕ್ಕ-2-3-4-5 ಕಣ್ತಪ್ಪುತ್ತದೆ. ಇನ್ನೊಂದು: ರ್ಯಾಂಡ್ ಇರುವ ಹಾಳೆ ಎಲ್ಲೋ ಒಂದು ಸೆಲ್ ಮುಟ್ಟಿದರೂ ಪೂರ್ತಿ ಹೊಸದಾಗಿ ಕಲೆಸಿಕೊಳ್ಳುತ್ತದೆ. ಎಕ್ಸೆಲ್‌ನಲ್ಲಿ ಕ್ಯಾಲ್ಕ್ಯುಲೇಶನ್ ಆಯ್ಕೆಯನ್ನು ಮ್ಯಾನ್ಯುಯಲ್‌ಗೆ ಹಾಕಿ, ಬೇಕಾದಾಗ ಎಫ್9 ಒತ್ತಿ.

ಎಷ್ಟು ಸಲ ಕಲೆಸಿದರೆ ಸಾಕು? ನಮ್ಮ ಕೈಯಲ್ಲಿ ಬೇಕಾದದ್ದಕ್ಕೂ ಇರುವುದಕ್ಕೂ ಅಂತರ 2.2 ಅಂಶ. 1,000 ಸಲ ಕಲೆಸಿದ ಉತ್ತರ 2.8 ಅಂಶದಷ್ಟು ಅತ್ತಿತ್ತ ಇರಬಹುದು. ಹಾಕಬೇಕೋ ಬಿಡಬೇಕೋ ಎಂಬುದನ್ನೇ ಅದು ಹೇಳಲಾರದು. 10,000 ಸಲಕ್ಕೆ ಅದು 0.9ಕ್ಕೆ ಇಳಿಯುತ್ತದೆ. ಕೈಯಿಂದ ಎಣಿಸಿದ ಆರು ಸಾಲು ಇದಕ್ಕಿಂತ ಮೇಲು.

ಹತ್ತರಲ್ಲಿ ಏಳು ಸಲ ಸೋಲುವ ಸರಿ ನಿರ್ಧಾರ

29.5% ಎಂದರೆ 70.5 ಸಲ ಸೋಲು. ಹಾಳೆ ಹೇಳಿದಂತೆ ಹಾಕಿದವರು ಹತ್ತರಲ್ಲಿ ಏಳು ಸಲ 60 ಬೀಜ ಕಳೆದುಕೊಂಡು ಎದುರಿಗೆ ಕೂತವರ ನಗುವನ್ನು ನೋಡಬೇಕು. ಒಂದು ಗಂಟೆ ಮುಂಚೆ ಜಯನಗರ ಬಿಟ್ಟು, ಹೆಬ್ಬಾಳ ದಾಟಿ, ವಿಮಾನ ಸಿಕ್ಕಿಬಿಟ್ಟರೆ ಹೊರಟ ಹೊತ್ತು ಸರಿಯಾಗಿತ್ತು ಎಂದು ಯಾರೂ ಒಪ್ಪುವುದಿಲ್ಲ. ಎಲೆಯ ವಿಷಯದಲ್ಲಿ ಮಾತ್ರ ಒಪ್ಪಿಬಿಡುತ್ತಾರೆ. ಈ ಕಾಲ್‌ನ ಫಲ ಒಂದೋ +160, ಇಲ್ಲವೋ −60. ಒಂದು ಸಲದ ಮಾನಕ ವಿಚಲನೆ ಸುಮಾರು 100 ಬೀಜ, ಸರಾಸರಿ ಲಾಭ ಐದಕ್ಕೂ ಕಡಿಮೆ. ಲಾಭ ಈ ಏರಿಳಿತದ ಗದ್ದಲದಿಂದ ಸ್ಪಷ್ಟವಾಗಿ ತಲೆ ಎತ್ತಲು ಸುಮಾರು 1,700 ಸಲ ಇದೇ ಸಂದರ್ಭ ಬರಬೇಕು. ವಾರಕ್ಕೊಮ್ಮೆ ಬಂದರೂ 32 ವರ್ಷ. 'ಹೋದ ತಿಂಗಳು ಹೀಗೇ ಹಾಕಿ ಸೋತೆ' ಎಂಬ ಅನುಭವದಿಂದ ಬಿ4ನ್ನು ಬದಲಿಸಬಾರದು ಎಂಬುದಕ್ಕೆ ಇದೇ ಕಾರಣ.

ಹಾಗಾದರೆ ಬಿ4ರ ಅಂಕಿ ಎಲ್ಲಿಂದ ಬರಬೇಕು? ಅದೇ ಎದುರಿನವರು ಹಿಂದೆ ತೋರಿಸಿದ ಎಲೆಗಳಿಂದ. ಎರಡನೆಯ ಹಾಳೆ ತೆರೆದು ನಾಲ್ಕು ಕಾಲಮ್ ಇಡಿ: ದಿನಾಂಕ, ನಡುವಿನ ಎಲೆಗಳು, ಅವರು ಮಾಡಿದ್ದೇನು, ಕೊನೆಗೆ ತೋರಿಸಿದ್ದೇನು. ಫ್ಲಶ್‌ಗೆ ಕಾಯುತ್ತಿದ್ದರು ಎಂದು ಆಮೇಲೆ ಗೊತ್ತಾದ 4 ಸಲದಲ್ಲಿ 3 ಸಲ ಹೀಗೆ ತಳ್ಳಿದ್ದರು ಎನ್ನಿ. 0.75 ಎಂದು ಹಾಕಿದರೆ ಹಾಳೆ 0.71 ಬೀಜದ ಲಾಭ ತೋರಿಸುತ್ತದೆ, ಹಾಕಿ ಎನ್ನುತ್ತದೆ. ಆದರೆ ನಾಲ್ಕೇ ನಾಲ್ಕು ಸಲದ ಸಾಕ್ಷ್ಯ ಅಷ್ಟು ಗಟ್ಟಿಯಲ್ಲ. ಇವರನ್ನು ನೋಡುವ ಮೊದಲೇ ಸಾಮಾನ್ಯ ಆಟಗಾರರ ಮೇಲಿನ ಅಂದಾಜನ್ನು, 10ರಲ್ಲಿ 5 ಎಂದು, ಕೆಳಗೆ ಹಾಸಿಟ್ಟುಕೊಳ್ಳಿ. ಅದರ ಮೇಲೆ ಕಂಡದ್ದನ್ನು ಸೇರಿಸಿ. (5 + 3) ಭಾಗಿಸು (10 + 4) = 0.57. ಈಗ 2.43 ಬೀಜ ನಷ್ಟ, ಬಿಡಿ ಎನ್ನುತ್ತದೆ ಹಾಳೆ. ಆ 10 ಎಂಬುದೂ ನಿಮ್ಮದೇ ಊಹೆ, ಅದಕ್ಕೂ ಒಂದು ಸೆಲ್ ಕೊಟ್ಟು ಹೊರಗೆ ಕಾಣುವಂತೆ ಇಡಿ.

ಈ ಎರಡನೆಯ ಹಾಳೆಯಲ್ಲೊಂದು ಕುಂಟು ಇದೆ. ಅವರು ಬ್ಲಫ್ ತಳ್ಳಿ ಎಲ್ಲರೂ ಎಲೆ ಮುಚ್ಚಿದರೆ ಅವರ ಎಲೆ ಯಾರಿಗೂ ಕಾಣುವುದಿಲ್ಲ. ಕಾಲ್ ಮಾಡಿಸಿಕೊಂಡ ಬ್ಲಫ್ ಮಾತ್ರ ದಾಖಲೆಗೆ ಸಿಗುತ್ತದೆ, ಗೆದ್ದ ಬ್ಲಫ್ ಕಟ್ಟಿನೊಳಗೇ ಉಳಿಯುತ್ತದೆ. ತಳ್ಳದೆ ಸುಮ್ಮನಿದ್ದು, ಫ್ಲಶ್ ಬಾರದೆ, ತೋರಿಸದೆ ಎಸೆದ ಕೈಗಳೂ ಅಷ್ಟೇ. ಎರಡೂ ಕಡೆಯಿಂದ ಸೋರುತ್ತದೆ, ಯಾವ ಕಡೆ ಹೆಚ್ಚು ಎಂಬುದು ಆ ಟೇಬಲ್‌ನಲ್ಲಿ ಜನ ಎಷ್ಟು ಸುಲಭವಾಗಿ ಎಲೆ ಮುಚ್ಚುತ್ತಾರೆ ಎಂಬುದರ ಮೇಲೆ ಹೋಗುತ್ತದೆ. ಹಾಗಾಗಿ ಕೊನೆಯ ಕಾಲಮ್‌ನಲ್ಲಿ ತೋರಿಸಿದ ಎಲೆಗಳನ್ನಷ್ಟೇ ಬರೆದು ಉಳಿದ ಸಾಲುಗಳನ್ನು ಬಿಟ್ಟುಬಿಡಬೇಡಿ. ತಳ್ಳಿದರು, ಎಲ್ಲರೂ ಮುಚ್ಚಿದರು, 'ತೋರಿಸಲಿಲ್ಲ' ಎಂದು ಅದನ್ನೂ ಒಂದು ಸಾಲಾಗಿ ಬರೆದಿಡಿ.